ಹೂ ಎಂಬ ಸರ್ವನಾಮ

2018ರ ಅಕ್ಟೋಬರ್ 11, ಗುರುವಾರ, ಮಧ್ಯಾಹ್ನ ನಾಲ್ಕು ಗಂಟೆ ಐದು ನಿಮಿಷ. ರಸಾಯನಶಾಸ್ತ್ರ ವಿಭಾಗದ ಎರಡನೇ ಪ್ರಯೋಗಾಲಯದಲ್ಲಿ, ಬಳಸಿ ಉಳಿದಿದ್ದ ಗಾಢ ಸಲ್ಫ್ಯೂರಿಕ್ ಆಮ್ಲವನ್ನು ಅಳತೆ ಜಾಡಿಯಲ್ಲಿ ಅಳೆದು ಒಂದು ಬಿಳಿ ಪ್ಲಾಸ್ಟಿಕ್ ಬಾಟಲಿಗೆ ಸುರಿಯಲಾಯಿತು. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಡಿಸ್ಟಿಲ್ಡ್ ವಾಟರ್ ಎಂಬ ಚೀಟಿ ಇತ್ತು. ಚೀಟಿಯನ್ನು ಕೀಳಲಾಗಲಿಲ್ಲ. ಬಾಟಲಿಯನ್ನು ತೊಳೆಯುವ ತೊಟ್ಟಿಯ ಮೇಲಿನ ಹಲಗೆಯಲ್ಲಿ ಇಡಲಾಯಿತು.

ನಾವು ಹೀಗೇ ಬರೆಯುತ್ತೇವೆ. ಕಾಯಿಸಲಾಯಿತು, ಸೋಸಲಾಯಿತು, ತಣಿಸಲಾಯಿತು. ಪ್ರಯೋಗದ ದಾಖಲೆಯಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ಆಗುತ್ತದೆ. ಹದಿನೆಂಟನೇ ವಯಸ್ಸಿನಲ್ಲಿ ನಾನು 'ನಾನು ಕಾಯಿಸಿದೆ' ಎಂದು ಬರೆದಿದ್ದೆ. ಪ್ರೊಫೆಸರ್ 'ನಾನು' ಮೇಲೆ ಕೆಂಪು ಗೆರೆ ಎಳೆದರು. "ನೀನು ಯಾರಮ್ಮ? ವಿಜ್ಞಾನದಲ್ಲಿ ನೀನಿಲ್ಲ" ಎಂದರು. ಅಂದಿನಿಂದ ನಾನು ಇಲ್ಲ.

ಈಗ ಆ ವಿಭಾಗದಲ್ಲಿ ನಾನು ಡೆಮಾನ್‌ಸ್ಟ್ರೇಟರ್. ವಿದ್ಯಾರ್ಥಿಗಳಿಗೆ ಪ್ರಯೋಗ ಮಾಡಿ ತೋರಿಸುವುದು ಕೆಲಸ. ನನ್ನ ತಾಯಿ ಅದೇ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಗಾಜು ತೊಳೆದವಳು. ತಾಯಿಯ ಪಕ್ಕದ ತೊಟ್ಟಿ, ನಾವೆಲ್ಲ ದೊಡ್ಡಕ್ಕ ಎಂದು ಕರೆಯುತ್ತಿದ್ದ ಹೆಂಗಸಿನದು. ತಾಯಿ ಸತ್ತ ಮೇಲೆ ಅವಳ ತೊಟ್ಟಿಗೆ ದೊಡ್ಡಕ್ಕನ ಸೊಸೆ ಬಂದಳು. ನಾನು ತೊಟ್ಟಿಯಿಂದ ಹನ್ನೆರಡು ಹೆಜ್ಜೆ ಈಚೆ ಇರುವ ಮೇಜಿಗೆ ಬಂದೆ. ಆ ಹನ್ನೆರಡು ಹೆಜ್ಜೆಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು. ಮೇಜಿನ ಹತ್ತಿರ ಚಹಾ ಕಪ್ಪಿನಲ್ಲಿ ಬರುತ್ತದೆ. ತೊಟ್ಟಿಯ ಹತ್ತಿರದವರು ಬಾಯಿ ಒಡೆದ ಬೀಕರಿನಲ್ಲಿ ಕುಡಿಯುತ್ತಾರೆ. ಸಿಬ್ಬಂದಿ ಕೋಣೆಯ ಕಪ್ಪುಗಳನ್ನು ಅವರು ತೊಳೆಯಬಹುದು. ಬಾಯಿಗೆ ಇಡುವಂತಿಲ್ಲ.

ತೊಟ್ಟಿಯವರಷ್ಟೇ ಇದ್ದಾಗ ದೊಡ್ಡಕ್ಕ ನನ್ನನ್ನು ಮಗಾ ಎನ್ನುತ್ತಿದ್ದಳು. ಬೇರೆಯವರಿದ್ದರೆ ಮೇಡಂ. ಹಾಗೆ ಕರೆ ಎಂದು ನಾನು ಕೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ತೊಟ್ಟಿಯವರ ಕೆಲಸ ಬೆಳಗ್ಗೆ ಏಳಕ್ಕೆ ಶುರು. ಹಿಂದಿನ ದಿನದ ಫ್ಲಾಸ್ಕು, ಪಿಪೆಟ್ಟು, ಬ್ಯುರೆಟ್ಟು, ಪರೀಕ್ಷಾ ನಳಿಗೆಗಳು, ಸುಮಾರು ನಾನೂರು ಗಾಜು. ಮೊದಲು ಕ್ರೋಮಿಕ್ ಆಮ್ಲದ ಕಿತ್ತಳೆ ನೀರು. ಆಮೇಲೆ ಸೋಪು. ಆಮೇಲೆ ಮೂರು ಸಲ ನಲ್ಲಿ ನೀರು. ಕೊನೆಗೆ ಒಂದು ಸಲ ಭಟ್ಟಿ ಇಳಿಸಿದ ಶುದ್ಧ ನೀರು. ಗ್ಲೌಸು ಬರುತ್ತಿದ್ದದ್ದು ವಿದ್ಯಾರ್ಥಿಗಳಿಗೆ. ತೊಟ್ಟಿಯವರಿಗೆ ಬರುತ್ತಿದ್ದದ್ದು ವಿದ್ಯಾರ್ಥಿಗಳು ಬಿಸಾಕಿದ ಗ್ಲೌಸು. ಇಬ್ಬರ ಬೆರಳ ತುದಿಯೂ ನೈಟ್ರಿಕ್ ಆಮ್ಲ ಕುಡಿದು ಹಳದಿ. ಗೆರೆಗಳು ಸವೆದುಹೋಗಿದ್ದವು. ಹಾಜರಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ 'ಮತ್ತೆ ಪ್ರಯತ್ನಿಸಿ' ಎನ್ನುತ್ತಿತ್ತು. ಐದು ಸಲ, ಆರು ಸಲ. ಕೆಲವು ದಿನ ಯಂತ್ರ ಒಪ್ಪುತ್ತಲೇ ಇರಲಿಲ್ಲ. ಅಂದು ನಾನೂರು ಗಾಜು ತೊಳೆದವರು ಲೆಕ್ಕಕ್ಕೆ ಗೈರುಹಾಜರು.

ದೊಡ್ಡಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಮೂವತ್ತು ವರ್ಷ ಬದುಕಿ ಉಳಿದದ್ದು ಅವಳದೇ ಪದ್ಧತಿಯಿಂದ. ಯಾವ ಬಾಟಲಿಯೇ ಆಗಲಿ ಮೊದಲು ಎತ್ತಿ ತೂಗುತ್ತಿದ್ದಳು. ನೀರಿಗಿಂತ ಭಾರವಾಗಿದ್ದರೆ ಕೆಳಗಿಡುತ್ತಿದ್ದಳು. ಆಮೇಲೆ ಒಂದು ಹನಿಯನ್ನು ಹಳೆಯ ಪತ್ರಿಕೆಯ ತುಂಡಿಗೆ ಬಿಟ್ಟು ಕಾಯುತ್ತಿದ್ದಳು. ಕಾಗದ ಕಪ್ಪಾದರೆ ಮುಟ್ಟುತ್ತಿರಲಿಲ್ಲ. ಸೊಸೆಗೂ ಅದನ್ನೇ ಕಲಿಸಿದ್ದಳು. ಸೊಸೆ ಏಳನೆಯವರೆಗೆ ಓದಿದ್ದಳು. ಆದರೂ ಅತ್ತೆಯ ಕಾಗದವನ್ನು ಬಿಟ್ಟಿರಲಿಲ್ಲ.

ಆಗಸ್ಟಿನಲ್ಲಿ ಸುತ್ತೋಲೆ ಬಂತು. ಅಕ್ಟೋಬರಿನಲ್ಲಿ ತಪಾಸಣಾ ತಂಡ ಬರುತ್ತದೆ. ರಾಸಾಯನಿಕ ಮುಟ್ಟುವ ಪ್ರತಿಯೊಬ್ಬರಿಗೂ ಇಂಗ್ಲಿಷ್ ಚೀಟಿ ಓದಲು ಬರಬೇಕು. ಪರೀಕ್ಷೆಯಲ್ಲಿ ಪಾಸಾದವರಿಗೆ ಕೆಲಸ ಕಾಯಂ, ಆಗದವರು ಹೊರಗೆ. ಪರೀಕ್ಷೆ ನಡೆಸುವ ಹೊಣೆ ಕಚೇರಿ ಸೂಪರಿಂಟೆಂಡೆಂಟರದು. ಅವರು ಹಳೆಯ ಗುಮಾಸ್ತರ ಪರೀಕ್ಷೆಯ ಕಡತ ತೆಗೆದು ಅದರ ಮೊದಲ ಪಾಠವನ್ನೇ ನಕಲು ಮಾಡಿದರು. ಇಂಗ್ಲಿಷ್ ವ್ಯಾಕರಣ. ಪದಗಳ ಎಂಟು ವರ್ಗ. ಉದಾಹರಣೆ ಸಹಿತ.

"ಇವರಿಗೆ ಬೇಕಾದದ್ದು ಚೀಟಿ ಓದುವುದು, ವ್ಯಾಕರಣ ಅಲ್ಲ" ಎಂದು ವಿಭಾಗದ ಮುಖ್ಯಸ್ಥರಿಗೆ ಹೇಳಿದೆ.

"ನೀನೇ ಕಲಿಸಿಬಿಡಮ್ಮ. ನಿನ್ನ ಮಾತು ಅವರಿಗೆ ಅರ್ಥ ಆಗುತ್ತೆ. ನೀನು ನಮ್ಮ ಹುಡುಗಿ" ಎಂದರು. ಅವರು ನನ್ನನ್ನು ಯಾವಾಗಲೂ ನಮ್ಮ ಹುಡುಗಿ ಎನ್ನುತ್ತಿದ್ದರು. ಬೇರೆ ಡೆಮಾನ್‌ಸ್ಟ್ರೇಟರುಗಳನ್ನು ಹೆಸರಿನಿಂದ ಕರೆಯುತ್ತಿದ್ದರು.

ಮಧ್ಯಾಹ್ನದ ಅರ್ಧ ಗಂಟೆ, ಆರು ವಾರ. ರಾತ್ರಿ ಮನೆಯಲ್ಲಿ ಸೊಸೆ ದೊಡ್ಡಕ್ಕನಿಗೆ ಇಂಗ್ಲಿಷ್ ಅಕ್ಷರ ತಿದ್ದಿಸುತ್ತಿದ್ದಳು. ಊಟ ಮುಗಿಸಿ ಅವರು ನೆಲದ ಮೇಲೆ ಕೂರುತ್ತಿದ್ದರು. ಸ್ಟೂಲಿನ ಮೇಲೆ ಕೂರಿ ಎಂದೆ. "ಸೂಪರಿಂಟೆಂಡೆಂಟ್ ಬಂದ್ರೆ ಪಾಠ ಅಲ್ಲೇ ಮುಗಿಯುತ್ತೆ ಮಗಾ" ಎಂದಳು ದೊಡ್ಡಕ್ಕ.

"ಮಾತಿಗೆ ಎಂಟು ಭಾಗ" ಎಂದೆ.

"ಕೋಳಿ ಕೊಯ್ದಾಗ ಬರೋದಕ್ಕಿಂತ ಜಾಸ್ತಿನೇ ಆಯ್ತು" ಎಂದಳು ಸೊಸೆ.

ನಾಮಪದ ಬೇಗ ಬಂತು. ಫ್ಲಾಸ್ಕು, ಬ್ರಶ್ಶು, ತೊಟ್ಟಿ. ಸರ್ವನಾಮದಲ್ಲಿ ನಿಂತೆವು.

"ಗಂಡಸಿಗೆ ಹೀ. ಹೆಂಗಸಿಗೆ ಶೀ. ವಸ್ತು, ಪ್ರಾಣಿಗೆ ಇಟ್."

ಸೊಸೆ ಪುಸ್ತಕದಿಂದ ತಲೆ ಎತ್ತಿದಳು. "ಹಾಗಾದ್ರೆ ನಾವು ಇಟ್ ತಾನೇ ಮೇಡಂ? ನಿನ್ನೆ ಸೂಪರಿಂಟೆಂಡೆಂಟ್ ಫೋನಲ್ಲಿ ಹೇಳ್ತಿದ್ರು, ತೊಟ್ಟಿ ಹತ್ರ ಎರಡು ಇದೆ, ಒಂದನ್ನ ಕಳಿಸ್ತೀನಿ ಅಂತ."

"ಕಳಿಸಿದ್ದು ನನ್ನನ್ನೇ" ಎಂದಳು ದೊಡ್ಡಕ್ಕ. "ನಾನು ಹೋದೆ. ಹೋಯ್ತು ಅನ್ನಬೇಕಿತ್ತೇನೋ."

ಇಬ್ಬರೂ ನಕ್ಕರು. ನಾನು ಮುಂದಿನ ಪದ ಬರೆದೆ. "ಹೂ ಅಂದ್ರೆ ಯಾರು."

"ಹೂ ಅಂದ್ರೆ ಹೂವು ಅಲ್ವಾ? ನಾಮಪದ."

"ಇಂಗ್ಲಿಷಿನ ಹೂ. ಸರ್ವನಾಮ. ಯಾರು ಅಂತ ಗೊತ್ತಿಲ್ಲದಾಗ ಕೇಳೋದು."

"ವಾಸನೆ ಇಲ್ಲದ ಹೂ" ಎಂದಳು ದೊಡ್ಡಕ್ಕ. ಸೊಸೆ ಆ ಪದದ ಪಕ್ಕ ಒಂದು ಸಣ್ಣ ಹೂವಿನ ಚಿತ್ರ ಬರೆದಳು. ನೆನಪಿಗೆ ಎಂದು. ಅದೇ ಅವಳಿಗೆ ಮುಳುವಾಯಿತು. ಮುಂದೆ ಎಷ್ಟು ಸಲ ಕೇಳಿದರೂ ಹೂ ಎಂದರೆ ನಾಮಪದ ಎನ್ನುತ್ತಿದ್ದಳು, ಮತ್ತೆ ತಾನೇ ತಲೆಗೆ ಮೊಟಕಿಕೊಳ್ಳುತ್ತಿದ್ದಳು.

ಕ್ರಿಯಾಪದದ ದಿನ ದೊಡ್ಡಕ್ಕ ನನ್ನನ್ನು ಬಿಡಲಿಲ್ಲ.

"ವಾಶ್ಡ್ ಅಂದ್ರೆ ತೊಳೆದ್ನಾ, ತೊಳೆದ್ಲಾ?"

"ಎರಡಕ್ಕೂ ಅದೇ."

"ತೊಳೆದ್ರು ಅಂದ್ರೆ?"

"ಅದಕ್ಕೂ ಅದೇ."

"ನಾನು ತೊಳೆದೆ ಅಂದ್ರೆ?"

"ವಾಶ್ಡ್."

ಅವಳು ಬೆರಳನ್ನು ಗಲ್ಲಕ್ಕಿಟ್ಟು ಯೋಚಿಸಿದಳು. "ನಮ್ಮ ಮಾತಿಗೆ ಬಾಲ ಇದೆ ಮಗಾ. ಬಾಲ ಹಿಡಿದ್ರೆ ಆಳು ಸಿಕ್ತಾನೆ. ಇದಕ್ಕೆ ಬಾಲನೇ ಇಲ್ಲ. ಮಾಡಿದೋರು ಓಡಿಹೋದ್ರೆ ಹಿಡಿಯೋದು ಎಲ್ಲಿ?"

ಅದು ತಪ್ಪು ಎಂದು ನಾನು ಹೇಳಲಿಲ್ಲ. ಪರೀಕ್ಷೆಗೆ ಬರುವುದಿಲ್ಲ ಎಂದೆ.

ನಾಲ್ಕನೆಯ ವಾರ ಪಠ್ಯಕ್ರಮ ಬಿಟ್ಟು ಹಲಗೆಯಿಂದ ಬಾಟಲಿಗಳನ್ನು ಇಳಿಸಿದೆ. ಅದು ನನ್ನದೇ ಯೋಚನೆ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು. ವಿಶೇಷಣ ನಾಮಪದದ ಗುಣವನ್ನು ಹೇಳುತ್ತದೆ, ನೋಡಿ, ಈ ಚೀಟಿಯಲ್ಲಿ ಡಿಸ್ಟಿಲ್ಡ್ ವಿಶೇಷಣ, ವಾಟರ್ ನಾಮಪದ. ಇದರಲ್ಲಿ ಡೈಲ್ಯೂಟ್ ವಿಶೇಷಣ, ಆಸಿಡ್ ನಾಮಪದ. ಸೊಸೆ ಅರ್ಧ ಗಂಟೆಯಲ್ಲಿ ಹನ್ನೊಂದು ಚೀಟಿ ಓದಿದಳು. ಅವಳ ಮುಖ ಅಂದು ಹೇಗಿತ್ತೆಂದು ನನಗೆ ಗೊತ್ತಿದೆ. ಈಗ ಆ ಮುಖ ಇಲ್ಲ.

"ಇನ್ನು ಮೇಲೆ ಕಾಗದ ಸುಡುವ ನಾಟಕ ಬೇಡ. ಚೀಟಿ ಓದಿ, ಅಷ್ಟೇ. ತಪಾಸಣೆಯವರ ಮುಂದೆ ಹಾಗೆ ಮಾಡಿದ್ರೆ ನಗ್ತಾರೆ" ಎಂದೆ.

"ಚೀಟಿ ಅಂಟಿಸೋರೂ ಮನುಷ್ಯರೇ ಅಲ್ವಾ ಮಗಾ?" ಎಂದಳು ದೊಡ್ಡಕ್ಕ.

"ಓದು ಬಂದ ಮೇಲೆ ಓದನ್ನ ನಂಬಬೇಕು ದೊಡ್ಡಕ್ಕ."

ಸೊಸೆ ತನ್ನ ಪುಸ್ತಕದಲ್ಲಿ ಆ ಎರಡು ಪದಗಳನ್ನು ಬರೆದು ಮುಂದೆ ವಿಶೇಷಣ, ನಾಮಪದ ಎಂದು ಸೇರಿಸಿದಳು. ನಾನು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ತಾರೀಖು ಬರೆದೆ. ಸೆಪ್ಟೆಂಬರ್ 24.

ಅಕ್ಟೋಬರ್ 9, ಮಂಗಳವಾರ, ಮೌಖಿಕ ಪರೀಕ್ಷೆ. ಮುಖ್ಯಸ್ಥರು, ಸೂಪರಿಂಟೆಂಡೆಂಟ್, ನಾನು ಕುರ್ಚಿಯಲ್ಲಿ. ಅವರು ನಿಂತು. ಕುರ್ಚಿಯಿಂದ ನಾಲ್ಕು ಅಡಿ ದೂರದಲ್ಲಿ ಸೀಮೆಸುಣ್ಣದ ಗೆರೆ. "ಅಲ್ಲೇ ನಿಲ್ಲಿಸಿ ಅದನ್ನ. ಆಸಿಡ್ ವಾಸನೆ" ಎಂದರು ಸೂಪರಿಂಟೆಂಡೆಂಟ್.

ಸೊಸೆ ಏಳು ವರ್ಗಗಳನ್ನು ದಾಟಿದಳು. ಹೂ ಎಂದಾಗ ನಾಮಪದ ಎಂದಳು. ಎರಡು ಅಂಕ ಹೋಯಿತು. ಎಂಟನೆಯದು ಉಳಿಯಿತು. ಭಾವಸೂಚಕ.

"ಉದಾಹರಣೆ ಕೊಡು."

"ಅಯ್ಯೋ."

"ಅದು ಕನ್ನಡ. ಇಂಗ್ಲಿಷಲ್ಲಿ ಅಳು."

ಅವಳು ಕಾಲ ಮುಂದಿನ ಸೀಮೆಸುಣ್ಣದ ಗೆರೆಯನ್ನು ನೋಡಿದಳು. "ಅಳು ನೋಡೋಣ. ನಿಮ್ಮಂಥವರಿಗೆ ಬರೋದೇ ಅದೊಂದು" ಎಂದರು ಸೂಪರಿಂಟೆಂಡೆಂಟ್. ಮುಖ್ಯಸ್ಥರು ನಕ್ಕರು. ನಾನೂ ನಕ್ಕೆ. ಸಣ್ಣದಾಗಿ. ಕಪ್ಪಿನ ಹಿಂದೆ.

ಆದರೂ ಐವತ್ತಕ್ಕೆ ಮೂವತ್ತೊಂದು ಬಂತು. ದೊಡ್ಡಕ್ಕನಿಗೆ ಇಪ್ಪತ್ತೇಳು. ಇಪ್ಪತ್ತೈದಕ್ಕೆ ಪಾಸು. ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದರು. ಸೊಸೆ ಅದರ ಮುಂದೆ ಹತ್ತು ನಿಮಿಷ ನಿಂತಿದ್ದಳು.

ಗುರುವಾರ ಮಧ್ಯಾಹ್ನ ಮುಖ್ಯಸ್ಥರು ಪ್ರಯೋಗಾಲಯಕ್ಕೆ ಬಂದರು. ಮರುದಿನ ಹತ್ತಕ್ಕೆ ತಪಾಸಣೆ. ತ್ಯಾಜ್ಯ ಆಮ್ಲದ ಡ್ರಮ್ಮು ತುಂಬಿ ನಾಲ್ಕು ತಿಂಗಳಾಗಿತ್ತು. ಮೂಲೆಯ ಪೆಟ್ಟಿಗೆಯ ಸೀಸೆಯಲ್ಲಿ ಬಳಸಿ ಉಳಿದ ಆಮ್ಲ ಇನ್ನೂ ಇತ್ತು. "ಇದು ಇಲ್ಲಿ ಕಾಣಬಾರದು. ಎಲ್ಲಿಯಾದ್ರೂ ಹಾಕು" ಎಂದರು. ಹೋದರು. ಆಮೇಲೆ ಆದದ್ದನ್ನು ಮೊದಲೇ ಬರೆದಿದ್ದೇನೆ. ಸುರಿಯಲಾಯಿತು. ಇಡಲಾಯಿತು.

ಶುಕ್ರವಾರ ಬೆಳಗ್ಗೆ ಏಳು ನಲವತ್ತು. ಸೊಸೆ ತೊಳೆದ ಗಾಜನ್ನು ಕೊನೆಯ ಸಲ ಜಾಲಾಡಿಸುತ್ತಿದ್ದಳು. ಕಾಲಡಿಯ ಕ್ಯಾನಿನಲ್ಲಿ ಶುದ್ಧ ನೀರು ಮುಗಿದಿತ್ತು. ಹಲಗೆಗೆ ಕೈ ಚಾಚಿದಳು. ದೊಡ್ಡಕ್ಕ ಹಿಂಬದಿಯಲ್ಲಿ ನೆಲ ಒರೆಸುತ್ತಿದ್ದಳು. ನಾನು ಆಗಷ್ಟೇ ಒಳಗೆ ಬಂದಿದ್ದೆ. ನನ್ನನ್ನು ಕಂಡು ಅವಳು ಬಾಟಲಿಯನ್ನು ಎತ್ತಿ ಹಿಡಿದಳು. ಪಾಠ ಒಪ್ಪಿಸುವ ದನಿಯಲ್ಲಿ ಓದಿದಳು.

"ಡಿಸ್ಟಿಲ್ಡ್, ವಿಶೇಷಣ. ವಾಟರ್, ನಾಮಪದ."

ಬಾಟಲಿ ಭಾರವಿತ್ತು. ಅದನ್ನು ಅವಳ ಕೈ ಗುರುತಿಸಿತು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅರೆಕ್ಷಣ ನಿಂತಳು. ಮತ್ತೆ ಚೀಟಿಯನ್ನು ನೋಡಿದಳು. ಚೀಟಿಯನ್ನು ನಂಬಿದಳು. ನಾನು "ಬೇಡ" ಎಂದೆ. ಆ ಪದ ಬಾಯಿಂದ ಬರುವಷ್ಟರಲ್ಲಿ ಅವಳು ಒದ್ದೆ ಗಾಜುಗಳ ಮೇಲೆ, ನೀರು ತುಂಬಿದ ತೊಟ್ಟಿಯ ಮೇಲೆ, ತನ್ನ ಬಲಗೈಯ ಮೇಲೆ ಬಾಟಲಿಯನ್ನು ಬಗ್ಗಿಸಿಯಾಗಿತ್ತು.

ಗಾಢ ಆಮ್ಲ ನೀರಿಗೆ ಬಿದ್ದರೆ ನೀರು ಕುದಿದು ಮೇಲಕ್ಕೆ ಎಗರುತ್ತದೆ. ಇದನ್ನು ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತೇನೆ. ಎಗರಿದ್ದು ಅವಳ ಎಡಗಣ್ಣಿಗೆ, ಕೆನ್ನೆಗೆ, ಕುತ್ತಿಗೆಗೆ. ಅವಳು ಕೂಗಿದಳು. ಅದು ಯಾವ ಭಾಷೆಯೂ ಆಗಿರಲಿಲ್ಲ.

ದೊಡ್ಡಕ್ಕ ಓಡಿಬಂದು ಅವಳನ್ನು ಸುರಕ್ಷಾ ಶವರಿನ ಕೆಳಗೆ ಎಳೆದಳು. ತಪಾಸಣೆಗೆಂದು ವಾರದ ಹಿಂದೆ ಹಾಕಿಸಿದ ಹಸಿರು ಶವರು. ಸರಪಳಿ ಜಗ್ಗಿದಳು. ನೀರು ಬರಲಿಲ್ಲ. ಪೈಪಿಗೆ ಜೋಡಿಸಿರಲಿಲ್ಲ. ಸುರಕ್ಷಾ ಎಂಬುದೂ ವಿಶೇಷಣವೇ. ಪಕ್ಕದ ಕೋಣೆಯ ನಲ್ಲಿಗೆ ಎಳೆದುಕೊಂಡು ಹೋಗುವಷ್ಟರಲ್ಲಿ ಐವತ್ತು ಸೆಕೆಂಡು ಕಳೆದಿತ್ತು. ಗೋಡೆಯ ಗಡಿಯಾರ ನೋಡಿದ್ದೆ. ಹಾಗೆ ನೋಡುವುದು ನನಗೆ ಅಭ್ಯಾಸ.

ಮುಖ್ಯಸ್ಥರು ಬಂದರು. ಮುಂದಿನ ಗೇಟಿನಲ್ಲಿ ಸ್ವಾಗತದ ಬ್ಯಾನರ್ ಕಟ್ಟುತ್ತಿದ್ದರು. "ಹಿಂದಿನ ಗೇಟಿಂದ ಕರ್ಕೊಂಡು ಹೋಗಿ" ಎಂದರು. ಸಂಸ್ಥೆಯ ಕಾರಿನ ಚಾಲಕ ಸೀಟಿನ ಮೇಲೆ ಪತ್ರಿಕೆ ಹಾಸಿದ. ಅವಳನ್ನು ಕೂರಿಸಿದೆವು. ಅವಳ ಬಟ್ಟೆಯಲ್ಲಿ ಉಳಿದಿದ್ದ ಆಮ್ಲಕ್ಕೆ ಪತ್ರಿಕೆ ಕಪ್ಪಾಯಿತು. ದೊಡ್ಡಕ್ಕ ಆ ಕಪ್ಪು ಕಾಗದವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕಾರು ಹೋಯಿತು.

ಹತ್ತಕ್ಕೆ ತಪಾಸಣೆ ನಡೆಯಿತು. ತಂಡದವರು ಶವರನ್ನು ಮೆಚ್ಚಿದರು.

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಮುಖ್ಯಸ್ಥರ ಕೋಣೆ. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆ. ಅದನ್ನು ಬರೆದದ್ದು ನಾನು. ಭಾನುವಾರ ಮುಖ್ಯಸ್ಥರು ಫೋನು ಮಾಡಿ ಹೇಳಿ ಬರೆಸಿದ್ದರು. ಮೂರು ವಾಕ್ಯ. ಒಂದು ಬಾಟಲಿಯಲ್ಲಿ ಆಮ್ಲ ಇಡಲಾಗಿತ್ತು. ಕೆಲಸದವಳು ಅನಕ್ಷರಸ್ಥಳಾದ್ದರಿಂದ ಚೀಟಿ ಓದದೆ ಬಾಟಲಿ ಮುಟ್ಟಿದಳು. ಅಪಘಾತ ಸಂಭವಿಸಿತು. ಜೊತೆಗೆ ಹೊಸದಾಗಿ ಟೈಪು ಮಾಡಿದ ಅಂಕಪಟ್ಟಿ. ಸೂಚನಾ ಫಲಕದ ಪಟ್ಟಿಯನ್ನು ಶುಕ್ರವಾರವೇ ಕಿತ್ತಿದ್ದರು. ಹೊಸ ಪಟ್ಟಿಯಲ್ಲಿ ಸೊಸೆಯ ಅಂಕ ಹದಿಮೂರು. ಎರಡು ಅಂಕಿಗಳ ಜಾಗ ಬದಲಾಯಿಸಿದ್ದರು, ಅಷ್ಟೇ.

ದೊಡ್ಡಕ್ಕ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ಮೂರು ದಿನದ ಬಟ್ಟೆ. ಕೈಯಲ್ಲಿ ಒಂದು ಚೀಲ.

"ಕಣ್ಣಿನ ಆಪರೇಷನ್ ಈ ವಾರದೊಳಗೆ ಆಗಬೇಕಂತೆ ಸರ್. ಕೆಲಸದ ಜಾಗದಲ್ಲಿ ಆದದ್ದು, ಅವಳ ತಪ್ಪಲ್ಲ ಅಂತ ಸಂಸ್ಥೆ ಪತ್ರ ಕೊಟ್ರೆ ದುಡ್ಡು ತಗೊಳ್ಳದೆ ಮಾಡ್ತಾರಂತೆ" ಎಂದಳು.

"ಪತ್ರ ಹೇಗೆ ಕೊಡೋಕಾಗುತ್ತೆ?" ಸೂಪರಿಂಟೆಂಡೆಂಟ್ ಹಾಳೆಯನ್ನು ಅವಳತ್ತ ತಳ್ಳಿದರು. "ಓದು ಬರದವರು ಕೆಮಿಕಲ್ ಮುಟ್ಟಬಾರದು ಅಂತ ನಿಯಮ ಇದೆ. ಮುಟ್ಟಿದ್ದು ಅದರದೇ ತಪ್ಪು. ನೀನು ಸಾಕ್ಷಿ. ಕೆಳಗೆ ಸಹಿ ಹಾಕು."

"ಅವಳು ಪಾಸಾಗಿದ್ದಾಳೆ."

"ಹದಿಮೂರಕ್ಕೆ ಪಾಸು ಅಂತ ಯಾರು ಹೇಳಿದ್ರು?"

ಮುಖ್ಯಸ್ಥರು ಮೃದುವಾಗಿ ಮಾತಾಡಿದರು. "ನೋಡಮ್ಮ, ನಿಂದು ಇಪ್ಪತ್ತೇಳು ಹಾಗೇ ಇದೆ. ಈ ತಿಂಗಳೇ ಕಾಯಂ. ಮನೆಯಲ್ಲಿ ಒಬ್ಬರದಾದ್ರೂ ಉಳಿಯಲಿ. ಯೋಚನೆ ಮಾಡು."

ದೊಡ್ಡಕ್ಕ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಬೆರಳಿಟ್ಟು ಓದತೊಡಗಿದಳು. ಅವಳು ಇಂಗ್ಲಿಷ್ ಓದುವುದನ್ನು ಆ ಇಬ್ಬರೂ ಅಂದೇ ಮೊದಲ ಸಲ ನೋಡಿದರು. ಬಹಳ ಹೊತ್ತು ಹಿಡಿಯಿತು. ಫ್ಯಾನು ತಿರುಗುತ್ತಿತ್ತು.

"ಆಸಿಡ್. ನಾಮಪದ" ಎಂದಳು. "ಬಾಟಲ್. ನಾಮಪದ. ಇನ್. ಒಳಗೆ. ಕೆಪ್ಟ್. ಕ್ರಿಯಾಪದ." ನಿಂತಳು. "ಇಟ್ಟ, ಇಟ್ಟಳು, ಇಟ್ಟರು. ಯಾವುದು ಸರ್?"

"ಏನು?"

"ಇಟ್ಟೋರ ಹೆಸರು ಇಲ್ಲ. ಅವನು ಅಂತ ಇಲ್ಲ, ಅವಳು ಅಂತ ಇಲ್ಲ."

"ಅದನ್ನ ಪ್ಯಾಸಿವ್ ಅಂತಾರೆ. ನಿಂಗೆ ಅರ್ಥ ಆಗಲ್ಲ."

"ಎಂಟರಲ್ಲಿ ಅದಿಲ್ವಲ್ಲ ಸರ್. ಎಂಟೇ ಅಂತ ಕಲ್ಸಿದ್ರು."

ಸೂಪರಿಂಟೆಂಡೆಂಟರ ಮುಖ ಕೆಂಪಾಯಿತು. "ಏನಮ್ಮ, ಪಾಠ ಹೇಳೋಕೆ ಬಂದೆಯಾ? ಸಹಿ ಹಾಕಿ ಹೋಗು."

ಅವಳು ಚೀಲದಿಂದ ಸೊಸೆಯ ಪುಸ್ತಕ ತೆಗೆದಳು. ನೀರು ಬಿದ್ದು ಉಬ್ಬಿದ ಪುಸ್ತಕ. ಸೆಪ್ಟೆಂಬರ್ 24ರ ಪುಟ ತೆರೆದು ಮೇಜಿನ ಮೇಲಿಟ್ಟಳು. ಎರಡು ಪದ. ಎರಡು ವರ್ಗ. ಕೆಂಪು ಗುರುತು.

"ಅವಳು ಓದಿಯೇ ಬಗ್ಗಿಸಿದ್ದು. ಓದು ಬರದೆ ಇದ್ದಿದ್ರೆ ಕಾಗದದ ಮೇಲೆ ಹನಿ ಬಿಟ್ಟು ನೋಡ್ತಿದ್ಲು. ಇವತ್ತು ಕಣ್ಣು ಇರ್ತಿತ್ತು." ಅವಳು ನನ್ನ ಕಡೆ ತಿರುಗಿದಳು. "ಈ ಗುರುತು ನಿಂದೇ ತಾನೇ ಮಗಾ?"

ನಾನು ಮೇಜಿಗೆ ಬಂದ ಮೇಲೆ ಮೊದಲ ಸಲ, ಬೇರೆಯವರ ಮುಂದೆ, ಮಗಾ.

ಮುಖ್ಯಸ್ಥರು ನನ್ನನ್ನು ನೋಡಿದರು. ಬೈಯುವ ನೋಟವಲ್ಲ. ನಮ್ಮ ಹುಡುಗಿ ಎನ್ನುವಾಗಿನ ನೋಟ.

"ಗೊತ್ತಾಗ್ತಿಲ್ಲ" ಎಂದೆ.

ಆ ಮಾತಿಗೂ ಬಾಲವಿಲ್ಲ. ಯಾರಿಗೆ ಗೊತ್ತಾಗುತ್ತಿಲ್ಲ ಎಂಬುದು ಅದರಲ್ಲಿ ಇಲ್ಲ. ನನ್ನ ಬಾಯಿ ಅದನ್ನು ಎಷ್ಟು ಬೇಗ ಹುಡುಕಿಕೊಂಡಿತು ಎಂದು ಈಗಲೂ ಆಶ್ಚರ್ಯವಾಗುತ್ತದೆ.

ದೊಡ್ಡಕ್ಕ ಮತ್ತೆ ನನ್ನನ್ನು ನೋಡಲಿಲ್ಲ. ಪೆನ್ನು ತೆಗೆದುಕೊಂಡಳು. ಬಗ್ಗಿ, ಹಳದಿ ಬೆರಳುಗಳಲ್ಲಿ ಗಟ್ಟಿಯಾಗಿ ಹಿಡಿದು, ಸಹಿಯ ಜಾಗದಲ್ಲಿ ಬರೆದಳು. ಮೂರು ಇಂಗ್ಲಿಷ್ ಅಕ್ಷರ. ದೊಡ್ಡದಾಗಿ. ಕೊನೆಗೆ ಕೊಕ್ಕೆಯಂಥ ಪ್ರಶ್ನೆಯ ಗುರುತು.

ಸೂಪರಿಂಟೆಂಡೆಂಟ್ ಹಾಳೆಯನ್ನು ತಿರುಗಿಸಿ ನೋಡಿದರು. "ಹೂ? ಇದೇನು ನಿನ್ನ ಹೆಸರಾ?"

"ನನ್ನ ಹೆಸರಲ್ಲ. ಇಟ್ಟೋರ ಹೆಸರು. ನಿಮಗೆ ಗೊತ್ತಿದ್ರೆ ಅದನ್ನ ಅಳಿಸಿ ಬರೀರಿ. ಅಲ್ಲಿವರೆಗೂ ಇದೇ ನನ್ನ ಸಹಿ."

"ತಲೆ ಕೆಟ್ಟಿದೆ ಇದಕ್ಕೆ."

"ಇವಳಿಗೆ ಅನ್ನಿ" ಎಂದಳು ದೊಡ್ಡಕ್ಕ. "ಸರ್ವನಾಮ ಸರಿಯಾಗಿ ಹೇಳಿ. ನಿಮ್ಮ ಮುಂದೆ ನಿಂತು ಪಾಸಾಗಿದ್ದೀನಿ." ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. "ಹೂ ಅಂದ್ರೆ ನಾಮಪದ ಅಂದಳು ನನ್ನ ಸೊಸೆ. ಎರಡು ಅಂಕ ಕಿತ್ಕೊಂಡ್ರಿ. ಅವಳು ಹೇಳಿದ್ದೇ ಸರಿ. ಯಾರು ಅಂತ ಕೇಳಿದ್ರೆ ಅಲ್ಲಿ ಒಂದು ಹೆಸರು ಇರಲೇಬೇಕು."

ಹೊರಗೆ ಹೋದಳು. ಬಾಗಿಲು ಹಾಕಲಿಲ್ಲ. ಮುಖ್ಯಸ್ಥರು ಹಾಳೆಯನ್ನು ಉಂಡೆ ಮಾಡಿ ಬುಟ್ಟಿಗೆ ಎಸೆದರು. "ಇನ್ನೊಂದು ಪ್ರತಿ ತೆಗೆಯಮ್ಮ. ಸಾಕ್ಷಿಗೆ ನೀನೇ ಸಹಿ ಹಾಕು" ಎಂದರು.

ಇನ್ನೊಂದು ಪ್ರತಿ ತೆಗೆದೆ. ಸಹಿ ಹಾಕಿದೆ. ಅವರು ಊಟಕ್ಕೆ ಹೋದ ಮೇಲೆ ಬುಟ್ಟಿಯಿಂದ ಆ ಉಂಡೆಯನ್ನು ಆರಿಸಿಕೊಂಡೆ. ಅದು ನನಗೆ ಬರುತ್ತದೆ. ನನ್ನ ತಾಯಿ ಆ ಬುಟ್ಟಿಯನ್ನೂ ಖಾಲಿ ಮಾಡುತ್ತಿದ್ದಳು.

ಮರುದಿನದಿಂದ ದೊಡ್ಡಕ್ಕನ ಹೆಬ್ಬೆಟ್ಟನ್ನು ಹಾಜರಿಯ ಯಂತ್ರದಿಂದ ತೆಗೆದುಹಾಕಿದರು. ಪತ್ರ ಹೋಗಲಿಲ್ಲ. ಆ ವಾರ ಮುಗಿಯಿತು. ಸೊಸೆಯ ಎಡಗಣ್ಣು ಹೋಯಿತು. ಬಲಗೈಯ ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡವು. ತೊಟ್ಟಿಗೆ ಹೊಸಬರಿಬ್ಬರು ಬಂದರು. ಇಬ್ಬರಿಗೂ ಇಂಗ್ಲಿಷ್ ಬರುತ್ತದೆ ಎಂದು ದಾಖಲೆಯಲ್ಲಿದೆ. ಅವರಿಗೂ ಬೀಕರಿನಲ್ಲೇ ಚಹಾ. ನಾನು ಕಪ್ಪಿನಲ್ಲಿ ಕುಡಿಯುತ್ತಿದ್ದೆ. ಕುಡಿಯಲಾಗುತ್ತಿತ್ತು.

ದೊಡ್ಡಕ್ಕ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದಾಳೆ ಎಂದು ತಿಳಿಯಿತು. ನವೆಂಬರ್ 23ಕ್ಕೆ ವಿಚಾರಣೆ. ನನ್ನ ಸಹಿಯ ವರದಿಯನ್ನು ಸಂಸ್ಥೆ ಅಲ್ಲಿಗೆ ಕಳಿಸಿತ್ತು. ಹಿಂದಿನ ದಿನ ಸಂಜೆ ಐದೂವರೆಗೆ ನಾನು ಅವರ ಮನೆಗೆ ಹೋದೆ.

ಒಂದು ಕೋಣೆ. ಕಿಟಕಿಯ ಬಳಿ ಸೊಸೆ ಕೂತಿದ್ದಳು, ಬೆಳಕಿಗೆ ಬೆನ್ನು ಮಾಡಿ. ದೊಡ್ಡಕ್ಕ ನೀರು ತುಂಬುತ್ತಿದ್ದಳು. ಹೊರಗಿನವರು ಯಾರೂ ಇರಲಿಲ್ಲ.

"ಬನ್ನಿ ಮೇಡಂ" ಎಂದಳು.

ನಾನು ನಿಂತೇ ಇದ್ದೆ. ಸುಕ್ಕಾದ ಹಾಳೆಯನ್ನು ಬ್ಯಾಗಿನಿಂದ ತೆಗೆದೆ. "ದೊಡ್ಡಕ್ಕ, ನಿಮಗೆ ಒಂದು ವಿಷಯ ಹೇಳಬೇಕು."

"ನನಗೆ ಗೊತ್ತಿರೋದನ್ನ ಹೇಳೋಕೆ ಬಂದಿದ್ದೀರಿ" ಎಂದಳು. ಬಿಂದಿಗೆಯನ್ನು ಕೆಳಗಿಟ್ಟಳು. "ಆ ಗುರುವಾರ ಸಂಜೆ ನಿಮ್ಮ ಮೇಜಿನಿಂದ ಒಂದು ಅಳತೆ ಜಾಡಿ ತೊಟ್ಟಿಗೆ ಬಂತು. ತೊಳೆದೋಳು ನಾನು. ಒಳಗೆ ಎಣ್ಣೆ ಹಾಗೆ ಮೆತ್ತಿತ್ತು. ಕಾಗದಕ್ಕೆ ಮುಟ್ಟಿಸಿದೆ, ಕಪ್ಪಾಯ್ತು. ಯಾವುದಕ್ಕೆ ಸುರಿದ್ರು ಅಂತ ಮಾತ್ರ ಗೊತ್ತಾಗಲಿಲ್ಲ. ಮರುದಿನ ಗೊತ್ತಾಯ್ತು."

"ಅವತ್ತು ಆ ಕೋಣೆಯಲ್ಲಿ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಿ ಅಂದ್ಕೊಂಡಿದ್ದೆ. ನಿಮ್ಮಮ್ಮನ ಮಗಳು ಅಂತ."

ನಾನು ಅಳುತ್ತಿದ್ದೆ. ಅವಳು ಕಾದಳು. ಸಮಾಧಾನ ಮಾಡಲಿಲ್ಲ, ಕೂರಿ ಎನ್ನಲಿಲ್ಲ. ಪಾತ್ರೆ ಅಂಗಡಿಯಲ್ಲಿ ಗಿರಾಕಿ ಚಿಲ್ಲರೆಗೆ ಕಾಯುವ ಹಾಗೆ ಕಾದಳು. ಆಮೇಲೆ ಹೇಳಿದಳು: "ಬಾಯಿಮಾತು ಬೇಡ. ನಾಳೆ ಹನ್ನೊಂದಕ್ಕೆ ವಿಚಾರಣೆ. ಬರೆದು ಕೊಡಿ. ಅವರ ಇಂಗ್ಲಿಷಲ್ಲೇ. ಬಾಲ ಇರಬೇಕು."

ನೆಲದ ಮೇಲೆ ಕೂತೆ. ದೊಡ್ಡಕ್ಕ ಬರೆದ ಮೂರಕ್ಷರದ ಕೆಳಗೆ ಮೊದಲು ಮುಖ್ಯಸ್ಥರು ಹೇಳಿದ್ದನ್ನು ಬರೆದೆ, ಅವರ ಹೆಸರು ಹಾಕಿ. ಆಮೇಲಿನ ವಾಕ್ಯಕ್ಕೆ ಪೆನ್ನು ನಿಂತಿತು. ಹದಿನೆಂಟನೇ ವಯಸ್ಸಿನಿಂದ ನಾನು ಬರೆಯದ ಒಂದಕ್ಷರದ ಪದ ಅದು. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಬಾಲವಿಲ್ಲ. ಹಾಗಾಗಿ ಮಾಡಿದವರು ಮುಂದೆ ಬಂದು ನಿಲ್ಲಬೇಕು. ಕನ್ನಡದಲ್ಲಿ ಒಂದೇ ಪದ ಸಾಕು. ಸುರಿದೆ. ಆ ಬಾಲದಲ್ಲಿ ಗಂಡು ಹೆಣ್ಣು ಇಲ್ಲ, ದೊಡ್ಡವರು ಚಿಕ್ಕವರು ಇಲ್ಲ. ಒಬ್ಬರೇ ಇರುತ್ತಾರೆ.

ಬರೆದೆ. ಸಹಿ ಹಾಕಿ ಕೊಟ್ಟೆ. ದೊಡ್ಡಕ್ಕ ಅದನ್ನು ಸೊಸೆಗೆ ಕೊಟ್ಟಳು. ಸೊಸೆ ಎಡಗೈಯಲ್ಲಿ ಹಿಡಿದು, ಉಳಿದ ಕಣ್ಣಿಗೆ ಹತ್ತಿರ ತಂದು, ಪಾಠ ಒಪ್ಪಿಸುವ ಅದೇ ದನಿಯಲ್ಲಿ ಓದಿದಳು.

"ಐ. ಸರ್ವನಾಮ. ಪೋರ್ಡ್. ಕ್ರಿಯಾಪದ. ಆಸಿಡ್. ನಾಮಪದ."

ಹಾಳೆಯನ್ನು ಇಳಿಸಿದಳು. ಆ ಮುಖವನ್ನು ನಾನು ಅಂದು ಮೊದಲ ಸಲ ನೇರವಾಗಿ ನೋಡಿದೆ.

"ಎಷ್ಟು ಅಂತ ಬರೆದಿಲ್ಲ" ಎಂದಳು. "ನೀವು ಅಳೆಯದೆ ಏನನ್ನೂ ಸುರಿಯೋರಲ್ಲ. ಎಷ್ಟಿತ್ತು ಮೇಡಂ?"

ಹಾಳೆಯನ್ನು ವಾಪಸು ತೆಗೆದುಕೊಂಡು ಸೇರಿಸಿದೆ. ಆರುನೂರ ನಲವತ್ತು ಮಿಲಿಲೀಟರ್.